ಬೇಸಿಗೆ ಇಂಟರ್ನ್‌ಶಿಪ್: ಸಂಬಳ ಇದೆ, ನಿದ್ದೆ ಇಲ್ಲ

ಈಗ ನಮ್ಮ ಊರುಗಳಲ್ಲೂ 'ಇಂಟರ್ನ್‌ಶಿಪ್' ಎಂಬ ಪದ ಬಳಕೆಗೆ ಬಂದಿದೆ. ಬಿ.ಕಾಂ., ಬಿ.ಬಿ.ಎ., ಡಿಪ್ಲೊಮಾ ಓದುವ ಮಕ್ಕಳು ಪರೀಕ್ಷೆ ಮುಗಿಸಿ ಬಂದವರೇ, 'ಎರಡು ತಿಂಗಳು ಬೆಂಗಳೂರಿಗೆ ಹೋಗ್ಬೇಕಪ್ಪ, ಕೆಲಸ ಕಲಿಯೋಕೆ' ಅನ್ನುತ್ತಾರೆ. ಅಪ್ಪನ ಮೊದಲ ಪ್ರಶ್ನೆ, 'ಎಷ್ಟು ಕೊಡ್ತಾರೆ?' ಕೇಳಬೇಕಾದ್ದೇ. ಆದರೆ 'ರಾತ್ರಿ ಎಷ್ಟು ಗಂಟೆಗೆ ಬಿಡ್ತಾರೆ?' ಅಂತಲೂ ಕೇಳಬೇಕು ಎಂಬುದು ನಮ್ಮ ಅಭಿಪ್ರಾಯ. ಕೈತುಂಬ ಸಂಬಳ ಕೊಡುವ ಇಂಟರ್ನ್‌ಶಿಪ್‌ನಲ್ಲೇ ಏನಾಯಿತು ನೋಡಿ.

ಮೋರಿಟ್ಸ್ ಎರ್ಹಾರ್ಟ್ ಜರ್ಮನಿಯ ಹುಡುಗ. ವಯಸ್ಸು 21. ಓದಿನಲ್ಲಿ ಜಾಣ. 2013ರ ಬೇಸಿಗೆಯಲ್ಲಿ ಲಂಡನ್ನಿನ ಬ್ಯಾಂಕ್ ಆಫ್ ಅಮೆರಿಕ ಮೆರಿಲ್ ಲಿಂಚ್‌ನಲ್ಲಿ ಏಳು ವಾರದ ಇಂಟರ್ನ್‌ಶಿಪ್‌ಗೆ ಸೇರಿದ. ತಿಂಗಳಿಗೆ ಸುಮಾರು 2,700 ಪೌಂಡ್ ಸಿಗುತ್ತಿತ್ತು ಎಂದು ಆಗಿನ ಪತ್ರಿಕೆಗಳು ಬರೆದಿದ್ದವು. ಆಗಿನ ವಿನಿಮಯ ದರದಲ್ಲಿ ನಮ್ಮ ದುಡ್ಡಿನಲ್ಲಿ ಎರಡೂವರೆ ಲಕ್ಷದಷ್ಟು. ಏಳು ವಾರ ಮುಗಿಯುತ್ತಾ ಬಂದಿತ್ತು. ಆಗಸ್ಟ್ 15ರಂದು ತಾನಿದ್ದ ಬಾಡಿಗೆ ಕೋಣೆಯ ಬಚ್ಚಲಲ್ಲಿ ಶವವಾಗಿ ಸಿಕ್ಕಿದ. ಸತತ ಮೂರು ದಿನ ಬೆಳಗಿನ ಆರರವರೆಗೆ ಕೆಲಸ ಮಾಡಿದ್ದ ಎಂಬ ಸುದ್ದಿ ಜಗತ್ತೆಲ್ಲ ಹಬ್ಬಿತು.

ವಿಚಾರಣೆ ನಡೆಯಿತು. ಅವನಿಗೆ ಮೂರ್ಛೆರೋಗವಿತ್ತು, ಸಾವಿಗೆ ಕಾರಣ ಅದೇ ಎಂದು ತೀರ್ಮಾನವಾಯಿತು. ದಣಿವಿನಿಂದ ಮೂರ್ಛೆ ಬಂದಿರಬಹುದು, ಆದರೆ ಖಚಿತವಾಗಿ ಹೇಳಲಾಗದು ಎಂದರು ವಿಚಾರಣೆ ನಡೆಸಿದ ಅಧಿಕಾರಿ. ಆದ್ದರಿಂದ ಬ್ಯಾಂಕೇ ಕೊಂದಿತು ಎಂದು ನಾವೂ ಬರೆಯುವುದಿಲ್ಲ. ಆದರೆ ಇಪ್ಪತ್ತೊಂದರ ಹುಡುಗ ಬೆಳಗಿನ ಆರಕ್ಕೆ ಮನೆಗೆ ಹೋಗುವುದು ಆ ವಲಯದಲ್ಲಿ ಯಾರಿಗೂ ಆಶ್ಚರ್ಯದ ಸಂಗತಿಯಾಗಿರಲಿಲ್ಲ. ಅಲ್ಲಿನ ಇಂಟರ್ನ್‌ಗಳು ಇದಕ್ಕೊಂದು ಹೆಸರನ್ನೂ ಇಟ್ಟಿದ್ದರು, 'ಮ್ಯಾಜಿಕ್ ರೌಂಡಬೌಟ್' ಅಂತ. ಬೆಳಗಿನ ಜಾವ ಟ್ಯಾಕ್ಸಿಯಲ್ಲಿ ಮನೆಗೆ ಹೋಗುವುದು, ಟ್ಯಾಕ್ಸಿ ಬಾಗಿಲಲ್ಲೇ ನಿಂತಿರುವುದು, ಸ್ನಾನ ಮಾಡಿ ಅಂಗಿ ಬದಲಾಯಿಸಿ ಅದೇ ಟ್ಯಾಕ್ಸಿಯಲ್ಲಿ ಮತ್ತೆ ಆಫೀಸಿಗೆ. ತಮಾಷೆಯ ಹೆಸರು, ತಮಾಷೆಯ ಸಂಗತಿಯಲ್ಲ.

ಅಷ್ಟು ಹೊತ್ತು ಮಾಡುವ ಕೆಲಸವಾದರೂ ಏನು? ಇದು ಬೆಳೆಸಾಲ ಕೊಡುವ, ಒಡವೆ ಅಡ ಇಟ್ಟುಕೊಳ್ಳುವ ಬ್ಯಾಂಕ್ ಅಲ್ಲ. ಎಪಿಎಂಸಿ ಯಾರ್ಡಿನ ದಲ್ಲಾಳಿ ಮಂಡಿ ನೆನಪಿಸಿಕೊಳ್ಳಿ. ಮಾಲು ರೈತನದು, ದುಡ್ಡು ಖರೀದಿದಾರನದು, ದಲ್ಲಾಳಿ ನಡುವೆ ನಿಂತು ವ್ಯಾಪಾರ ಕುದುರಿಸಿ ಕಮಿಷನ್ ತೆಗೆದುಕೊಳ್ಳುತ್ತಾನೆ. ಇನ್‌ವೆಸ್ಟ್‌ಮೆಂಟ್ ಬ್ಯಾಂಕ್ ಮಾಡುವುದೂ ಬಹುಮಟ್ಟಿಗೆ ಇದನ್ನೇ. ಮೆಣಸಿನಕಾಯಿ ಚೀಲದ ಬದಲು ಇಡೀ ಕಂಪನಿಗಳನ್ನು ಕೊಡಿಸುತ್ತದೆ, ಮಾರಿಸುತ್ತದೆ, ಷೇರುಪೇಟೆಗೆ ತರುತ್ತದೆ. ದೊಡ್ಡ ಸಾಹೇಬರು ಹಗಲೆಲ್ಲ ಗಿರಾಕಿಗಳ ಜೊತೆ ಮಾತುಕತೆಯಲ್ಲಿರುತ್ತಾರೆ. ಸಂಜೆ ಆಫೀಸಿಗೆ ಬಂದು, ಹುಡುಗರು ತಯಾರಿಸಿಟ್ಟ ಲೆಕ್ಕದ ಶೀಟು, ಪವರ್‌ಪಾಯಿಂಟ್ ಪುಟಗಳನ್ನು ನೋಡಿ, ಇಲ್ಲಿ ತಿದ್ದು, ಅಲ್ಲಿ ಬಣ್ಣ ಬದಲಿಸು, ಬೆಳಗ್ಗೆ ನನ್ನ ಟೇಬಲ್ ಮೇಲಿರಲಿ ಅನ್ನುತ್ತಾರೆ. ಹಗಲೆಲ್ಲ ಕಾದವನಿಗೆ ನಿಜವಾದ ಕೆಲಸ ಶುರುವಾಗುವುದೇ ಆಗ. ಅಂದರೆ ಆ ರಾತ್ರಿಗಳಲ್ಲಿ ಎಷ್ಟೋ ಪಾಲು ಕೆಲಸ ಹೆಚ್ಚಿದ್ದರಿಂದ ಹುಟ್ಟಿದ್ದಲ್ಲ, ಮೇಲಿನವರು ತಮ್ಮ ಅನುಕೂಲ ನೋಡಿಕೊಂಡಿದ್ದರಿಂದ ಹುಟ್ಟಿದ್ದು.

'ಎಸಿ ರೂಮಲ್ಲಿ ಕೂತು ಮಾಡೋ ಕೆಲಸ, ಅದೇನು ಕಷ್ಟ ಬಿಡಿ' ಎಂದು ನಮ್ಮ ಓದುಗರಲ್ಲಿ ಕೆಲವರಾದರೂ ಅಂದುಕೊಳ್ಳುತ್ತೀರಿ. ಕಬ್ಬು ಕಡಿಯುವವರ ಮುಂದೆ ಈ ಕಷ್ಟ ಹೇಳಲು ನಮಗೂ ಸಂಕೋಚ. ಆದರೆ ತ್ರೀ ಫೇಸ್ ಕರೆಂಟು ರಾತ್ರಿ ಕೊಟ್ಟಾಗ, ಹೊಲದಲ್ಲಿ ಬ್ಯಾಟರಿ ಹಿಡಿದು ನೀರು ಹಾಯಿಸಿದವರಿಗೆ ಇನ್ನೊಬ್ಬರ ವೇಳಾಪಟ್ಟಿಗೆ ನಿದ್ದೆ ಕೊಡುವುದು ಏನೆಂದು ಗೊತ್ತು. ನೀವು ಅದಕ್ಕೆ ಬೈಯುತ್ತೀರಿ, ಅರ್ಜಿ ಕೊಡುತ್ತೀರಿ, ಸಬ್‌ಸ್ಟೇಷನ್ ಮುಂದೆ ಕೂರುತ್ತೀರಿ. ಆ ಹುಡುಗ ಬೈಯುವಂತಿಲ್ಲ. ಯಾಕೆಂದರೆ ಅದು ಅವನಿಗೆ ಕೆಲಸವಲ್ಲ, ಪರೀಕ್ಷೆ. ಈ ಬ್ಯಾಂಕುಗಳು ಹೊಸಬರನ್ನು ಹೆಚ್ಚಾಗಿ ಆರಿಸುವುದು ಬೇಸಿಗೆ ಇಂಟರ್ನ್‌ಗಳಿಂದಲೇ. ಏಳೋ ಹತ್ತೋ ವಾರದಲ್ಲಿ ಪಕ್ಕದವನಿಗಿಂತ ನಾನು ಹೆಚ್ಚು ಎಂದು ತೋರಿಸಬೇಕು. ಪಕ್ಕದವನು ಎದ್ದು ಹೋಗದೆ ತಾನೂ ಏಳುವಂತಿಲ್ಲ. ನಮ್ಮ ಪ್ರಕಾರ ರೋಗದ ಬೇರು ಇರುವುದು ಇಲ್ಲಿ.

ಕಾನೂನು ಇಲ್ಲವೇ? ಬ್ರಿಟನ್ನಿನಲ್ಲಿ ವಾರಕ್ಕೆ ಸರಾಸರಿ 48 ಗಂಟೆ ಎಂಬ ಮಿತಿ ಇದೆ. ಆದರೆ 'ನನಗೆ ಈ ಮಿತಿ ಬೇಡ' ಎಂದು ನೌಕರ ಸ್ವತಃ ಬರೆದುಕೊಡಲು ಅದೇ ಕಾನೂನಿನಲ್ಲಿ ದಾರಿಯೂ ಇದೆ. ಕೆಲಸ ಬೇಕಾದವನು ಸಹಿ ಹಾಕದೆ ಇರುತ್ತಾನೆಯೇ?

ಆ ಸಾವಿನ ನಂತರ ಬ್ಯಾಂಕುಗಳು ಒಂದೊಂದಾಗಿ ನಿಯಮ ಮಾಡಿದವು. ಕಿರಿಯರಿಗೆ ತಿಂಗಳಲ್ಲಿ ವಾರಾಂತ್ಯದ ನಾಲ್ಕು ದಿನವಾದರೂ ರಜೆ ಎಂದಿತು ಒಂದು. ಬೇಸಿಗೆ ಇಂಟರ್ನ್‌ಗಳು ಮಧ್ಯರಾತ್ರಿಯಿಂದ ಬೆಳಗ್ಗೆ ಏಳರವರೆಗೆ ಆಫೀಸಿನಲ್ಲಿ ಇರಬಾರದು ಎಂದು 2015ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಹೇಳಿತು. ಇದನ್ನು ಸುಧಾರಣೆ ಎಂದು ಪತ್ರಿಕೆಗಳು ಬರೆದವು. ಸ್ವಲ್ಪ ಲೆಕ್ಕ ಹಾಕಿ. ಬೆಳಗ್ಗೆ ಏಳರಿಂದ ರಾತ್ರಿ ಹನ್ನೆರಡು ಅಂದರೆ 17 ಗಂಟೆ. 17 ಗಂಟೆ ಮಾಡಿಸಬಹುದು ಎಂಬುದಕ್ಕೇ ಸುಧಾರಣೆ ಎಂಬ ಹೆಸರು!

ಅದು ಎಷ್ಟು ನಾಟಿತು ಎಂದು 2021ರಲ್ಲಿ ಗೊತ್ತಾಯಿತು. ಅದೇ ಬ್ಯಾಂಕಿನ 13 ಮಂದಿ ಮೊದಲ ವರ್ಷದ ಹುಡುಗರು ತಮ್ಮ ತಮ್ಮಲ್ಲೇ ಸಮೀಕ್ಷೆ ಮಾಡಿಕೊಂಡರು. ಸರಾಸರಿ ವಾರಕ್ಕೆ 95 ಗಂಟೆ ಕೆಲಸ, ರಾತ್ರಿಗೆ ಐದು ಗಂಟೆ ನಿದ್ದೆ. ಆ ದೂರನ್ನೂ ಅವರು ಗಿರಾಕಿಗಳಿಗೆ ಮಾಡಿಕೊಡುವ ಹಾಗೆ ಸ್ಲೈಡುಗಳಲ್ಲಿ, ಚಾರ್ಟು ಹಾಕಿ ಮಾಡಿದ್ದರು. ಓದಿದಾಗ ನಮಗೆ ನಗು ಬಂತು, ಆಮೇಲೆ ಬೇಜಾರೂ ಆಯಿತು. 2024ರಲ್ಲಿ ಜೆಪಿ ಮಾರ್ಗನ್ ಕಿರಿಯರಿಗೆ ವಾರಕ್ಕೆ 80 ಗಂಟೆ ಮಿತಿ ಹಾಕಿತು, ಅದಕ್ಕೂ ವಿನಾಯಿತಿಗಳನ್ನು ಇಟ್ಟುಕೊಂಡು.

ನಮ್ಮಲ್ಲಿ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದದ್ದು 2023ರಲ್ಲಿ. ಆಗ ಊರ ಕಟ್ಟೆಯಲ್ಲೂ ಚರ್ಚೆಯಾಯಿತು, ಅನೇಕರು ಹೌದೌದು ಎಂದರು. ದುಡಿಮೆಯ ಬಗ್ಗೆ ನಮಗೂ ಗೌರವವಿದೆ. ಆದರೆ ಸ್ವಂತ ಕಂಪನಿ ಕಟ್ಟುವವನ 70 ಗಂಟೆಗೂ, ಕೆಲಸ ಸಿಗುತ್ತದೋ ಇಲ್ಲವೋ ಎಂದು ಹೆದರಿ ಕೂತವನ 70 ಗಂಟೆಗೂ ವ್ಯತ್ಯಾಸವಿದೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಲ್ಲಿ ಬಂದಾಗಲೇ ದಿನಕ್ಕೆ 9, ವಾರಕ್ಕೆ 48 ಗಂಟೆ ಎಂದು ಬರೆದಿತ್ತು. ಬರೆದವರು ಸೋಮಾರಿಗಳಾಗಿರಲಿಲ್ಲ.

ಇದೆಲ್ಲ ದೂರದ ಮಾತು ಅನ್ನಬೇಡಿ. ಗೋಲ್ಡ್‌ಮನ್ ಸ್ಯಾಕ್ಸ್ 2004ರಿಂದ ಬೆಂಗಳೂರಿನಲ್ಲಿದೆ, ಜೆಪಿ ಮಾರ್ಗನ್ ಕೂಡ ಇದೆ. ನಮ್ಮ ತಾಲ್ಲೂಕುಗಳಿಂದ ಹೋದ ಮಕ್ಕಳು ಅಂಥ ಕಟ್ಟಡಗಳಲ್ಲಿ ಕೆಲಸ ಮಾಡುತ್ತಿದ್ದಾರೆ.

ಆದರೆ ನಮ್ಮ ಹೆಚ್ಚಿನ ಮಕ್ಕಳಿಗೆ ಸಿಗುವುದು ಎರಡೂವರೆ ಲಕ್ಷದ ಇಂಟರ್ನ್‌ಶಿಪ್ ಅಲ್ಲ, ಸೊನ್ನೆ ರೂಪಾಯಿಯದು. ನಾವು ಪತ್ರಿಕೋದ್ಯಮ ಓದುವಾಗ ಬೆಂಗಳೂರಿನ ಒಂದು ಸುದ್ದಿಮನೆಯಲ್ಲಿ ಎರಡು ತಿಂಗಳು ಪುಕ್ಕಟೆ ದುಡಿದೆವು. ಪಿಜಿ ಬಾಡಿಗೆ ಮನೆಯಿಂದ. ನಮ್ಮಲ್ಲಿ ಇಬ್ಬರು ಮೂರನೇ ವಾರಕ್ಕೇ ಊರಿಗೆ ವಾಪಸ್ ಬಂದರು. ಬುದ್ಧಿ ಕಡಿಮೆಯಾಗಿ ಅಲ್ಲ, ದುಡ್ಡು ಮುಗಿದು. ಅಲ್ಲೇ ಉಳಿದವರಿಗೆ ಕೆಲಸ ಸಿಕ್ಕಿತು. ಸಂಬಳವಿಲ್ಲದ ಇಂಟರ್ನ್‌ಶಿಪ್ ಬಡವರ ಮಕ್ಕಳನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಸಂಬಳವಿರುವುದು ಒಳಗೆ ಬಿಟ್ಟುಕೊಂಡು ನಿದ್ದೆ ಕೇಳುತ್ತದೆ. ಕಲಿಯಲು ಬಂದವರು ಎಂಬ ನೆಪ ಎರಡಕ್ಕೂ ಒಂದೇ.

ಕೇಂದ್ರ ಸರ್ಕಾರ 2024ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಆರಂಭಿಸಿದಾಗ ತಿಂಗಳಿಗೆ 5,000 ರೂಪಾಯಿ ಗೊತ್ತುಮಾಡಿತು. ಬೆಂಗಳೂರಿನ ಖರ್ಚಿಗೆ ಅದು ಸಾಲದು. ಆದರೂ ಇಂಟರ್ನ್‌ಗೆ ದುಡ್ಡು ಕೊಡಬೇಕು ಎಂದು ಸರ್ಕಾರ ಒಪ್ಪಿದ್ದು ಒಳ್ಳೆಯದೇ. ಎಷ್ಟು ಹೊತ್ತು ದುಡಿಸಬಹುದು ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಲಿ, ಖಾಸಗಿ ಕಂಪನಿಗಳು ತಾವೇ ತೆಗೆದುಕೊಳ್ಳುವ ಇಂಟರ್ನ್‌ಗಳಿಗೂ ಸೇರಿಸಿ.

ಅಲ್ಲಿಯವರೆಗೆ ಮನೆಯವರೇ ಕೇಳಬೇಕಾಗುತ್ತದೆ. ಮಗಳೋ ಮಗನೋ ಇಂಟರ್ನ್‌ಶಿಪ್ ಪತ್ರ ತಂದರೆ ಮೊಬೈಲಿನಲ್ಲೇ ತೆರೆಸಿ ಓದಿಸಿ. ಕೆಲಸದ ಸಮಯ, ವಾರದ ರಜೆ, ಕೊಡುವ ದುಡ್ಡು ಅದರಲ್ಲಿ ಬರೆದಿರಬೇಕು. ಬರೆದಿಲ್ಲದಿದ್ದರೆ ಇಮೇಲ್ ಮಾಡಿ ಕೇಳಲಿ, ಉತ್ತರ ಬಂದ ಮೇಲೆ ಬಸ್ ಟಿಕೆಟ್ ತೆಗೆಸಿ. 'ಸರ್ಟಿಫಿಕೇಟ್ ಕೊಡ್ತೀವಿ, ನೀವೇ ಇಷ್ಟು ಸಾವಿರ ಕಟ್ಟಿ' ಎಂದು ವಾಟ್ಸಾಪಿನಲ್ಲಿ ಬಂದಿದ್ದರೆ ಒಂದು ರೂಪಾಯಿಯನ್ನೂ ಹಾಕಬೇಡಿ.