ಬೆತ್ತ ಕೇಳುವವರ ಮಕ್ಕಳು ಎಲ್ಲಿ ಓದುತ್ತಿದ್ದಾರೆ?

2021ರ ಡಿಸೆಂಬರ್‌ನಲ್ಲಿ ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ನಲ್ಲೂರು ಸರ್ಕಾರಿ ಪ್ರೌಢಶಾಲೆಯಲ್ಲಿ ಹುಡುಗರು ಹಿಂದಿ ಮೇಷ್ಟ್ರ ತಲೆಗೆ ಕಸದ ಬುಟ್ಟಿ ಕವುಚಿದರು. ತರಗತಿಯಲ್ಲಿ ಗುಟ್ಕಾ ಪೊಟ್ಟಣ ಬಿದ್ದಿದ್ದನ್ನು ಕಂಡು ಅವರು ಬುದ್ಧಿ ಹೇಳಿದ್ದರು. ಆ ವಿಡಿಯೊ ನಾಡೆಲ್ಲ ಓಡಾಡಿತು. ನೋಡಿದವರ ಹೊಟ್ಟೆ ಉರಿದದ್ದು ನ್ಯಾಯವೇ. ನನ್ನದೂ ಉರಿಯಿತು. ಅದನ್ನು ಹುಡುಗಾಟ ಎಂದು ತಳ್ಳಿಹಾಕುವ ಮಾತನ್ನು ನಾನು ಒಪ್ಪುವುದಿಲ್ಲ. ಅದು ಹಿಂಸೆ.

ಆದರೆ ಇಂಥದ್ದು ನಡೆದಾಗಲೆಲ್ಲ ಏಳುವ ಕೂಗಿದೆಯಲ್ಲ, ಅದರ ಬಗ್ಗೆ ನನ್ನ ಸಿಟ್ಟು. ಬೆತ್ತ ಕಿತ್ತುಕೊಂಡಿದ್ದಕ್ಕೇ ಹೀಗಾಯಿತು ಅಂತಾರೆ. ಟಿಸಿ ಕೊಟ್ಟು ಓಡಿಸಿ ಅಂತಾರೆ. ದಂಡಂ ದಶಗುಣಂ ಅಂತಾರೆ. ಹೀಗೆ ಕೂಗುವವರಲ್ಲಿ ಎಷ್ಟು ಜನ ತಮ್ಮ ಮಗನನ್ನು ಸರ್ಕಾರಿ ಶಾಲೆಗೆ ಸೇರಿಸಿದ್ದೀರಿ? ಶಾಸಕರೇ, ಅಧಿಕಾರಿಗಳೇ, ಟಿವಿಯಲ್ಲಿ ಕೂತು ಮಾತಾಡುವವರೇ, ಹೇಳಿ. ನಿಮ್ಮ ಮಗ ಕಾನ್ವೆಂಟಿನಲ್ಲಿ ತಪ್ಪು ಮಾಡಿದರೆ ಅಪ್ಪ ಅಮ್ಮನನ್ನು ಕರೆಸಿ, ಕುರ್ಚಿ ಹಾಕಿ ಮಾತಾಡುತ್ತಾರೆ. ಕೂಲಿಯವಳ ಮಗ ಅದೇ ತಪ್ಪು ಮಾಡಿದರೆ ಬೆತ್ತ ಬೇಕು, ಪೊಲೀಸರು ಬೇಕು.

ಇಷ್ಟಕ್ಕೂ ಬೆತ್ತ ಹೋಗಿದ್ದೆಲ್ಲಿ? ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳನ್ನು ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಕಾಯ್ದೆ ಜಾರಿಯಾದದ್ದು 2010ರಲ್ಲಿ. ಆದರೂ 2022ರ ಡಿಸೆಂಬರ್‌ನಲ್ಲಿ ಗದಗ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿಯ ಹುಡುಗನನ್ನು ಅತಿಥಿ ಶಿಕ್ಷಕನೊಬ್ಬ ಸಲಿಕೆಯಿಂದ ಹೊಡೆದು ಮಹಡಿಯಿಂದ ಕೆಳಗೆ ತಳ್ಳಿದ. ಮಗು ಸತ್ತಿತು. ಮರುವರ್ಷ ಅದೇ ತಿಂಗಳಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದರು. ಮಲದ ಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು ಅಪರಾಧವೆಂದು ಈ ದೇಶ 2013ರಲ್ಲೇ ಕಾಯ್ದೆ ಮಾಡಿದೆ. ಓದಲೆಂದು ಅಪ್ಪ ಅಮ್ಮ ಬಿಟ್ಟುಹೋದ ಮಕ್ಕಳು, ಸರ್ಕಾರದ ಅನ್ನ ತಿಂದು ಸರ್ಕಾರದ ಸೂರಿನ ಕೆಳಗೆ ಮಲಗಿದ್ದ ಮಕ್ಕಳು, ತಾತ ಮುತ್ತಾತಂದಿರು ಇಳಿದಿದ್ದ ಗುಂಡಿಗೇ ಇಳಿದರು. ಅಮಾನತಾಯಿತು, ಬಂಧನವಾಯಿತು, ಸಮಾಜ ಕಲ್ಯಾಣ ಇಲಾಖೆ ಹೇಳಿಕೆ ಕೊಟ್ಟಿತು. ಯಾವ ಮಗುವಿನ ಕೈಯಲ್ಲಿ ಪೊರಕೆ, ಯಾವ ಮಗುವಿನ ಕೈಯಲ್ಲಿ ಪುಸ್ತಕ ಎಂದು ಶಾಲೆಯ ಒಳಗೂ ಜಾತಿಯೇ ತೀರ್ಮಾನಿಸುತ್ತದೆ. ನಮ್ಮಲ್ಲಿ ಶಿಸ್ತು ಎಂದರೆ ಬಹಳ ಕಾಲದಿಂದ ಇದೇ ಆಗಿದೆ. ಬೆತ್ತ ವಾಪಸ್ ಕೊಟ್ಟರೆ ಅದು ಮೊದಲು ಬೀಳುವುದು ಯಾರ ಬೆನ್ನಿನ ಮೇಲೆ ಎಂದು ನನಗೆ ಗೊತ್ತು, ನಿಮಗೂ ಗೊತ್ತು.

ನಲ್ಲೂರಿನ ವಿಡಿಯೊ ಬಂದ ಹೊತ್ತು ಯಾವುದು ನೋಡಿ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಪ್ರೌಢಶಾಲೆಗಳು ನಡುವೆ ಕೆಲವು ತಿಂಗಳು ತೆರೆದು, ಮತ್ತೆ ಮುಚ್ಚಿ, ಕೊನೆಗೆ ತೆರೆದದ್ದು 2021ರ ಆಗಸ್ಟ್ ಕೊನೆಯಲ್ಲಿ. ಆ ಅವಧಿಯಲ್ಲಿ ಬಡವರ ಮಕ್ಕಳು ತೋಟದ ಕೂಲಿಗೆ ಹೋದರು, ಗಾರೆ ಕೆಲಸಕ್ಕೆ ಹೋದರು. ದುಡಿಮೆಯ ಜೊತೆಗೇ ಗುಟ್ಕಾವನ್ನೂ ದೊಡ್ಡವರಿಂದ ಕಲಿತರು. ಹೆಣ್ಣುಮಕ್ಕಳಿಗೆ ಮದುವೆಯಾಯಿತು. ವಾಪಸ್ ಬಂದವರನ್ನು ಯಾರಾದರೂ ಪಕ್ಕದಲ್ಲಿ ಕೂರಿಸಿಕೊಂಡು ಏನಾಯಿತು ಮಗಾ ಎಂದು ಕೇಳಿದರೇ? ಕೇಳಲು ಶಾಲೆಯಲ್ಲಿ ಯಾರಿದ್ದರು? ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಆಪ್ತಸಮಾಲೋಚಕರ ಹುದ್ದೆಯೇ ಇಲ್ಲ. ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ ಆಟದ ಮೇಷ್ಟ್ರು, ಅವರೂ ಅರೆಕಾಲಿಕ. ಮೈಯಲ್ಲಿ ಕಸುವು ಉಕ್ಕುವ ವಯಸ್ಸಿನ ಹುಡುಗನಿಗೆ ಮೈದಾನವಿಲ್ಲ, ಚೆಂಡಿಲ್ಲ.

ಮೇಷ್ಟ್ರ ಪಾಡೂ ಹಾಗೇ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಖಾಲಿ ಬಿದ್ದಿರುವ ಹುದ್ದೆಗಳು ಹತ್ತಾರು ಸಾವಿರ. ಆ ಜಾಗದಲ್ಲಿ ತಿಂಗಳಿಗೆ 12 ಸಾವಿರ ರೂಪಾಯಿಯ ಆಸುಪಾಸಿನ ಸಂಬಳದ ಅತಿಥಿ ಶಿಕ್ಷಕರು. ವರ್ಷಕ್ಕೆ ಹತ್ತೇ ತಿಂಗಳ ಸಂಬಳ. ಮುಂದಿನ ವರ್ಷ ತಾನು ಇರುತ್ತೇನೋ ಇಲ್ಲವೋ ಗೊತ್ತಿಲ್ಲದ ಮೇಷ್ಟ್ರ ಮಾತಿಗೆ ಹುಡುಗರು ಯಾಕೆ ಬೆಲೆ ಕೊಡುತ್ತಾರೆ? ಸರ್ಕಾರವೇ ಕೊಡಲಿಲ್ಲವಲ್ಲ! ಕಾಯಂ ಶಿಕ್ಷಕರಿಗೆ ಬಿಸಿಯೂಟದ ಲೆಕ್ಕ, ಮತದಾರರ ಪಟ್ಟಿ, ಸಮೀಕ್ಷೆ. 2025ರ ಜಾತಿ ಸಮೀಕ್ಷೆಗೆ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಆ ಸಮೀಕ್ಷೆ ನಡೆಯಲೇಬೇಕಿತ್ತು, ಅದರ ಪರ ನಾನಿದ್ದೇನೆ. ಆದರೆ ಅದರ ಬೆಲೆಯನ್ನು ಅದೇ ಹಿಂದುಳಿದವರ ಮಕ್ಕಳ ಪಾಠದಿಂದ ಯಾಕೆ ಕಿತ್ತುಕೊಂಡಿರಿ? 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಮಕ್ಕಳನ್ನು ಕಾಯಲು ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದಿರಿ. ಕಾಯುವುದಕ್ಕೆ ಹಣ ಹುಟ್ಟುತ್ತದೆ, ಕಲಿಸುವುದಕ್ಕೆ ಮಾತ್ರ ಹುಟ್ಟುವುದಿಲ್ಲ.

ಹಾಗಂತ ಹಿಂಸೆ ಮಾಡಿದ ಹುಡುಗನನ್ನು ಸುಮ್ಮನೆ ಬಿಡಿ ಎಂದು ನಾನು ಹೇಳುತ್ತಿಲ್ಲ. ಅವನ ಹಿಂಸೆಯನ್ನು ಮೇಷ್ಟ್ರಿಗಿಂತ ಮೊದಲು ತಿಂದಿರುವವರು ಅವನ ತರಗತಿಯ ಹುಡುಗಿಯರು, ಕೊನೇ ಬೆಂಚಿನ ಬಡಕಲು ಹುಡುಗ. ಅವರ ವಿಡಿಯೊ ಯಾರೂ ಮಾಡುವುದಿಲ್ಲ. ಕೀಟಲೆ ತಾಳಲಾರದೆ ಹುಡುಗಿ ಶಾಲೆ ಬಿಟ್ಟರೆ ಹಾಜರಿ ಪುಸ್ತಕದಲ್ಲಿ ಗೈರು ಎಂದಷ್ಟೇ ಬರೆಯುತ್ತಾರೆ. ಆ ಹುಡುಗ ತನ್ನಿಂದ ನೊಂದವರ ಎದುರು, ಅಪ್ಪ ಅಮ್ಮನ ಎದುರು ನಿಂತು ಉತ್ತರ ಕೊಡಬೇಕು, ಮಾಡಿದ್ದನ್ನು ಸರಿಪಡಿಸಬೇಕು, ಮರುದಿನವೂ ಶಾಲೆಗೆ ಬರಬೇಕು. ಟಿಸಿ ಕೊಟ್ಟು ಕಳಿಸಿದರೆ ಅವನು ಹೋಗುವುದು ಗ್ಯಾರೇಜಿಗೆ, ಬಾರಿನ ಮೇಜು ಒರೆಸಲಿಕ್ಕೆ. ಅವನ ಹಿಂಸೆ ಶಾಲೆಯಿಂದ ಬೀದಿಗೆ ಹೋಗುತ್ತದೆ, ಅಷ್ಟೇ.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿರುವ (ಎಸ್‌ಡಿಎಂಸಿ) ತಾಯಂದಿರೇ, ಕಾನೂನಿನ ಪ್ರಕಾರ ಆ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು. ಸಹಿ ಹಾಕಿಸಿಕೊಂಡು ಕಳಿಸಿದರೆ ಎದ್ದು ಬರಬೇಡಿ. ನಮ್ಮ ಶಾಲೆಯಲ್ಲಿ ಎಷ್ಟು ಹುದ್ದೆ ಖಾಲಿ, ಯಾವಾಗಿನಿಂದ ಖಾಲಿ, ಆಟದ ಮೇಷ್ಟ್ರು ಎಲ್ಲಿ, ಶೌಚಾಲಯ ತೊಳೆಯುವವರು ಯಾರು ಎಂದು ಬಿಇಒ ಸಾಹೇಬರನ್ನು ಕೇಳಿ. ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಬರವಣಿಗೆಯಲ್ಲಿ ಕೊಡದಿದ್ದರೆ ಅವರ ಕಚೇರಿಯ ಮುಂದೆ ಮಕ್ಕಳ ಸಮೇತ ಕೂರೋಣ, ನಾನೂ ಬರುತ್ತೇನೆ.