ಉತಾರದ ಚುಕ್ಕಿ, ಕ್ಯಾಲ್ಕುಲೇಟರಿನ ಚುಕ್ಕಿ

ದಶಮಾಂಶದ ಗುಣಾಕಾರ ನಾವೆಲ್ಲ ಹೈಸ್ಕೂಲಿಗೆ ಹೋಗೋ ಮೊದಲೇ ಕಲಿತದ್ದು. ಚುಕ್ಕಿ ಮರೆತು ಗುಣಿಸು, ಆಮೇಲೆ ಬಲಗಡೆಯಿಂದ ಸ್ಥಾನ ಎಣಿಸಿ ಚುಕ್ಕಿ ಇಡು. ಭಾಗಾಕಾರ ಆದ್ರೆ ಭಾಜಕದ ಚುಕ್ಕಿ ಎಷ್ಟು ಸ್ಥಾನ ಸರಿಸ್ತೀವೋ ಭಾಜ್ಯದ ಚುಕ್ಕಿಯನ್ನೂ ಅಷ್ಟೇ ಸರಿಸು. ಈ ನಿಯಮ ಯಾರಿಗೂ ಮರೆತಿಲ್ಲ, ಮರೆತರೂ ಮೊಬೈಲ್ ಇದೆ. ನನ್ನ ತಕರಾರು ನಿಯಮದ ಮೇಲಲ್ಲ. ಚುಕ್ಕಿಯ ಆಚೆ ಇರೋ ಅಂಕಿ ಯಾವ ಅಳತೆಯದು ಅಂತ ಕೇಳೋದನ್ನ ನಮಗೆ ಯಾರೂ ಕಲಿಸಲಿಲ್ಲ. ಊರಿನಲ್ಲಿ ರೊಕ್ಕ ಕಳೆಯೋದು ಅಲ್ಲೇ.

ಗದಗ ಪಕ್ಕದ ಕಣಗಿನಹಾಳವನ್ನೇ ತಗೊಳ್ಳಿ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಈ ಊರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಂಘ ಅಂತ ಅದಕ್ಕೆ ಹೆಸರು. ರೈತರೇ ಸೇರಿ ರೈತರಿಗೇ ಸಾಲ ಕೊಡೋ ವ್ಯವಸ್ಥೆ ನಿಲ್ಲೋದು ಒಂದೇ ಕಂಬದ ಮೇಲೆ: ಸದಸ್ಯನಾದವನು ತನ್ನ ಲೆಕ್ಕ ತಾನೇ ನೋಡಿ, ಹೌದು ಇದು ಸರಿ ಐತಿ ಅನ್ನುವಂತಿರಬೇಕು. ಅಂಥಾ ಸೀಮೆಯ ಇವತ್ತಿನ ಮನೆಯೊಂದರ ಲೆಕ್ಕಗಳನ್ನು ನೋಡೋಣ.

ಮೊದಲು ಹೊಲ. ಉತಾರದಲ್ಲಿ, ಅಂದ್ರೆ ಪಹಣಿಯಲ್ಲಿ, ವಿಸ್ತೀರ್ಣವನ್ನು ಎಕರೆ, ಗುಂಟೆ, ಆಣೆ ಅಂತ ನಡುನಡುವೆ ಚುಕ್ಕಿ ಇಟ್ಟು ಬರೀತಾರೆ. 3.20 ಅಂತ ಇದ್ರೆ ಮೂರು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆ, ಹಾಗಾಗಿ ಇದು ಮೂರೂವರೆ ಎಕರೆ. ಅದೇ 3.20ನ್ನು ಕ್ಯಾಲ್ಕುಲೇಟರಿಗೆ ಹಾಕಿದರೆ ಅದು ಓದೋದು ಮೂರು ಎಕರೆ ಎಂಟು ಗುಂಟೆ ಅಂತ. ಹನ್ನೆರಡು ಗುಂಟೆ ಅಲ್ಲೇ ಮಾಯ! ಗುಂಟೆಗೆ 1,089 ಚದರ ಅಡಿ, ಅಂದರೆ ಹದಿಮೂರು ಸಾವಿರ ಚದರ ಅಡಿಗೂ ಮೇಲೆ.

ಇದೇ ಹೊಲ ಇಬ್ಬರು ಅಣ್ಣತಮ್ಮಂದಿರಿಗೆ ಪಾಲಾಗಬೇಕು ಅನ್ನಿ. ಮೊಬೈಲಿನಲ್ಲಿ 3.20 ಭಾಗಿಸು 2, ಉತ್ತರ 1.60. ಒಂದು ಎಕರೆ ಅರವತ್ತು ಗುಂಟೆ ಅಂತ ಓದೋ ಹಾಗಿಲ್ಲ, ನಲವತ್ತಕ್ಕೇ ಎಕರೆ ಮುಗೀತು. ಸರಿಯಾದ ದಾರಿ: ಮೊದಲು 140 ಗುಂಟೆ ಮಾಡು, ಎರಡರಿಂದ ಭಾಗಿಸು, 70 ಗುಂಟೆ, ಅಂದ್ರೆ ಒಂದು ಎಕರೆ ಮೂವತ್ತು ಗುಂಟೆ. ತಮಾಷೆ ಏನಂದ್ರೆ ಮೂವರು ಪಾಲುದಾರರಿದ್ದರೆ 3.20 ಭಾಗಿಸು 3 ಅಂತ ತಪ್ಪು ದಾರಿಯಲ್ಲೇ ಹೋದರೂ 1.0667 ಬರ್ತದೆ, ಒಂದು ಎಕರೆ ಆರೂ ಮುಕ್ಕಾಲು ಗುಂಟೆಯ ಹತ್ತಿರ ಅಂತ ಓದಿದರೆ ಉತ್ತರ ಸರಿಯಾಗೇ ಇರ್ತದೆ. ಎಕರೆಯ ಅಂಕಿ ಮೂರರಿಂದ ಶೇಷ ಇಲ್ಲದೆ ಭಾಗ ಆಯ್ತು, ಅದಕ್ಕೆ. ಒಂದು ಸಲ ಹೀಗೆ ಸರಿ ಬಂದ ತಪ್ಪು ದಾರಿಯನ್ನ ಮುಂದಿನ ಸಲ ಯಾರೂ ಅನುಮಾನಿಸೋದಿಲ್ಲ. ನನಗೆ ಭಯ ಅದೇ.

ಎರಡನೇದು ಪರಿಹಾರ. ಮಳೆ ಹೆಚ್ಚಾಗಿ ಹೆಸರು ಕೊಳೀತು, ಇಲ್ಲಾ ಮಳೆ ಕೈಕೊಟ್ಟು ಶೇಂಗಾ ಒಣಗ್ತು. ವಿಪತ್ತು ಪರಿಹಾರ ನಿಧಿಯ 2022ರ ಮಾರ್ಗಸೂಚಿ ಪ್ರಕಾರ ಮಳೆಯಾಶ್ರಿತ ಬೆಳೆ ಶೇಕಡಾ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾದರೆ 8,500 ರೂಪಾಯಿ, ಎರಡು ಹೆಕ್ಟೇರ್ ಮಿತಿಯೊಳಗೆ. ರಾಜ್ಯ ಸರಕಾರ ಕೆಲವು ಸಲ ಇದರ ಮೇಲೆ ಹೆಚ್ಚಿಗೆ ಕೊಟ್ಟದ್ದೂ ಉಂಟು. ಆದರೆ ಈ 8,500 ಹೆಕ್ಟೇರಿಗೆ. ನಮ್ಮ ಮಂದಿ ಮಾತಾಡೋದು ಎಕರೆಯಲ್ಲಿ. ಮೂರೂವರೆ ಎಕರೆ ಇದ್ದವನು ಮನಸ್ಸಿನಲ್ಲೇ ಗುಣಿಸಿ 29,750 ಬರ್ತದೆ ಅಂತ ಕೂತಿರ್ತಾನೆ. ಹೆಕ್ಟೇರ್ ಅಂದ್ರೆ ಸುಮಾರು 2.47 ಎಕರೆ. 3.5ನ್ನು ಅದರಿಂದ ಭಾಗಿಸಿದರೆ ಸುಮಾರು 1.416 ಹೆಕ್ಟೇರ್, ಪರಿಹಾರ ಸುಮಾರು 12,040. ಖಾತೆಗೆ ಅಷ್ಟೇ ಜಮಾ ಆದಾಗ ಉಳಿದದ್ದನ್ನ ಯಾರೋ ನುಂಗಿದರು ಅಂತ ಅವನ ತಲೆಯಲ್ಲಿ ಕೂತುಬಿಡ್ತದೆ. ಇನ್ನು ನಿಜವಾಗಿಯೇ ಯಾರೋ ಉತಾರದ 3.20ನ್ನು ಹಾಗೇ ತುಂಬಿದ್ದರೆ ಬರೋದು ಸುಮಾರು 11,000. ಸಾವಿರ ರೂಪಾಯಿ ಹೋಯ್ತು, ಆದರೆ ಅವನಿಗೆ ಅದು ಗೊತ್ತೇ ಆಗೋದಿಲ್ಲ. ಆಗದ ಮೋಸದ ಮೇಲೆ ಸಿಟ್ಟು, ಆದ ನಷ್ಟದ ಬಗ್ಗೆ ಸುಳಿವಿಲ್ಲ. ಹೆಕ್ಟೇರನ್ನೂ ಗುಂಟೆಗೆ ತಂದುಬಿಟ್ಟರೆ ಗುಂಟೆಗೆ 86 ರೂಪಾಯಿ. 140 ಗುಣಿಸು 86. ಕಟ್ಟೆ ಮೇಲೆ ಕೂತು ಯಾರಾದರೂ ಮಾಡಬಹುದಾದ ಲೆಕ್ಕ.

ಮೂರನೇದು ಬಡ್ಡಿ. ‘ನೂರಕ್ಕ ಎರಡು ರೂಪಾಯಿ’ ಅಂದ್ರೆ ಕಿವಿಗೆ ಹಗುರ. ಅದು ತಿಂಗಳಿಗೆ. 50,000 ಗುಣಿಸು 0.02, ತಿಂಗಳಿಗೆ ಸಾವಿರ, ವರ್ಷಕ್ಕೆ ಹನ್ನೆರಡು ಸಾವಿರ. ಸಹಕಾರ ಸಂಘದಲ್ಲಿ ಶೇಕಡಾ 3 ಅಂದ್ರೆ ಅದು ವರ್ಷಕ್ಕೆ. ಅದೇ 50,000ಕ್ಕೆ 1,500. 2023-24ರ ಬಜೆಟ್ ಪ್ರಕಾರ ಐದು ಲಕ್ಷದವರೆಗಿನ ಅಲ್ಪಾವಧಿ ಬೆಳೆಸಾಲಕ್ಕೆ ಬಡ್ಡಿಯೇ ಇಲ್ಲ. ಎರಡು ಮತ್ತು ಮೂರು ಅಂತ ಬರೀ ಅಂಕಿ ನೋಡಿದವನಿಗೆ ಸಂಘದ ಸಾಲವೇ ತುಟ್ಟಿ ಅನಿಸಬಹುದು! ಇದಕ್ಕಿಂತ ಜಾಣ ಆಟ ‘ಫ್ಲಾಟ್’ ಬಡ್ಡಿಯದು. 50,000 ಸಾಲ, ಶೇಕಡಾ 12 ಫ್ಲಾಟ್, 24 ಕಂತು. ಬಡ್ಡಿ 12,000, ಒಟ್ಟು 62,000, ಕಂತು 2,583.33. ಆದರೆ ಅಸಲು ತಿಂಗಳು ತಿಂಗಳು ಕರಗುತ್ತಿದ್ದರೂ ಬಡ್ಡಿ ಪೂರ್ತಿ 50,000ದ ಮೇಲೇ ಓಡ್ತದೆ. ಉಳಿದ ಅಸಲಿಗೆ ಮಾತ್ರ ಬಡ್ಡಿ ಅಂತ ಲೆಕ್ಕ ಹಾಕಿದರೆ ಇದು ವರ್ಷಕ್ಕೆ ಸುಮಾರು ಶೇಕಡಾ 21.5 ಆಗ್ತದೆ. ಕಿರುಸಾಲದ ವಸೂಲಿ ಕಾಟ ತಡೆಯೋಕೆ 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸುಗ್ರೀವಾಜ್ಞೆಯನ್ನೇ ತರಬೇಕಾಯ್ತು. ಕಾಟ ಶುರುವಾಗೋದು ವಸೂಲಿ ದಿನ ಅಲ್ಲ, ಸಹಿ ಹಾಕಿದ ದಿನ.

ಹಳೇ ಮಂದಿಗೆ ಲೆಕ್ಕ ಬರ್ತಿರಲಿಲ್ಲ ಅನ್ನೋ ಮಾತು ಒಪ್ಪೋದು ಕಷ್ಟ. 1957ರ ಏಪ್ರಿಲ್ 1ರ ಮೊದಲು ರೂಪಾಯಿಗೆ 16 ಆಣೆ, 192 ಪೈ. ಕಾಲು, ಅರೆ, ಮುಕ್ಕಾಲಿನ ಮಗ್ಗಿ ಬಾಯಿಪಾಠ ಇಲ್ಲದೆ ಸಂತೆ ಆಗ್ತಿರಲಿಲ್ಲ. ದಶಮಾಂಶ ಬಂದು ಲೆಕ್ಕ ಸುಲಭ ಆಯ್ತು, ಅದು ಒಳ್ಳೇದೇ. ಆದರೆ ಬಾಯಲ್ಲಿ ‘ಮೂರು ಎಕರೆ ಇಪ್ಪತ್ತು ಗುಂಟೆ’ ಅಂದಾಗ ಪ್ರತಿ ಅಂಕಿಯ ಜೊತೆ ಅದರ ಅಳತೆಯ ಹೆಸರೂ ಬರ್ತಿತ್ತು. ‘ಮೂರು ಪಾಯಿಂಟ್ ಎರಡು ಸೊನ್ನೆ’ ಅಂದಾಗ ಆ ಹೆಸರು ಬಿದ್ದುಹೋಯ್ತು.

ಈಗೆಲ್ಲ ಕಂಪ್ಯೂಟರೇ ಮಾಡ್ತದಲ್ಲ, ಇಷ್ಟೆಲ್ಲ ಯಾಕೆ ಅಂತ ನೀವು ಕೇಳಬಹುದು. ಕಂಪ್ಯೂಟರಿಗೆ ಕಲಿಸೋರು ಯಾರ್ರಿ? ನಾವೇ. ಫೈನಲ್ ಇಯರ್ ಪ್ರಾಜೆಕ್ಟ್ ಅಂದ್ರೆ ರೈತರಿಗೊಂದು ಆ್ಯಪ್ ಅನ್ನೋದು ನಮ್ಮಲ್ಲಿ ಮಾಮೂಲು. ಅದರಲ್ಲಿ ‘ವಿಸ್ತೀರ್ಣ’ ಅಂತ ಒಂದೇ ಡಬ್ಬಿ ಇಟ್ಟು, ಡೇಟಾಬೇಸಿನಲ್ಲಿ ಫ್ಲೋಟ್ ಅಂತ ಬರೆದರೆ, ಉತಾರ ನೋಡಿ 3.20 ತುಂಬಿದವನ ಹನ್ನೆರಡು ಗುಂಟೆ ನಮ್ಮ ಕೋಡಿನಲ್ಲೇ ಹೋಗ್ತದೆ. ಎಕರೆಗೊಂದು ಡಬ್ಬಿ, ಗುಂಟೆಗೊಂದು ಡಬ್ಬಿ, ಗುಂಟೆ 39 ದಾಟಿದರೆ ಎಚ್ಚರಿಕೆ, ಒಳಗೆ ಎಲ್ಲಾ ಗುಂಟೆಯಲ್ಲೇ ಸಂಗ್ರಹ. ಹತ್ತು ಸಾಲಿನ ಕೆಲಸ.

ಇನ್ನೊಂದು ಬೇಡಿಕೆ ಸಂಘ, ಬ್ಯಾಂಕು, ಕಚೇರಿಗಳಿಗೆ. ಉತ್ತರವನ್ನಷ್ಟೇ ಕೊಡಬೇಡಿ, ಲೆಕ್ಕದ ಸಾಲನ್ನೂ ಕೊಡಿ. ವಾರ್ಷಿಕ ಬಡ್ಡಿ ದರ, ಒಟ್ಟು ಖರ್ಚು ತೋರಿಸೋ ಹಾಳೆಯನ್ನು ಬ್ಯಾಂಕುಗಳು ಚಿಲ್ಲರೆ ಸಾಲಗಾರರಿಗೆ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ 2024ರ ಅಕ್ಟೋಬರ್‌ನಿಂದ ಇದೆ. ಊರ ಸಂಘದ ರಸೀದಿಯಲ್ಲೂ, ಪರಿಹಾರದ ಮೆಸೇಜಿನಲ್ಲೂ ಅಂಥದೊಂದು ಸಾಲು ಇರಲಿ: ಇಷ್ಟು ಗುಂಟೆ, ಗುಂಟೆಗೆ ಇಷ್ಟು, ಒಟ್ಟು ಇಷ್ಟು. ಓದಿದವನು ತಾನೇ ಗುಣಿಸಿ ನೋಡಲಿ. 1905ರಲ್ಲಿ ಕಣಗಿನಹಾಳದವರು ತಮ್ಮ ಸಾಲದ ಲೆಕ್ಕವನ್ನು ತಮ್ಮ ಕೈಗೇ ತಗೊಂಡರು. ಆ ಲೆಕ್ಕ ಕ್ಯಾಲ್ಕುಲೇಟರಿನ ಒಂದು ಚುಕ್ಕಿಗೆ ಸಿಕ್ಕು ಮತ್ತೆ ಬೇರೆಯವರ ಕೈಗೆ ಹೋಗಬಾರದು.

ಈ ಸಲ ರಜೆಗೆ ಊರಿಗೆ ಹೋದಾಗ ಮನೆಯ ಉತಾರ, ಸಾಲದ ಕಾಗದ ಎರಡನ್ನೂ ಹೊರಗೆ ತೆಗೀರಿ. ಚುಕ್ಕಿ ಕಂಡಲ್ಲೆಲ್ಲ ಇದರ ಆಚೆ ಇರೋದು ನೂರರದೋ, ನಲವತ್ತರದೋ, ಬಡ್ಡಿ ತಿಂಗಳದೋ, ವರ್ಷದ್ದೋ ಅಂತ ಕೇಳಿ, ಉತ್ತರವನ್ನ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಬರೆದಿಡ್ರಿ.