ಜನಪದ ಗೀತೆಗೆ ಟ್ರ್ಯಾಕ್ ಬೇಕೆ?

ಕಳೆದ ರಾಜ್ಯೋತ್ಸವದಲ್ಲಿ ನಮ್ಮ ಮಕ್ಕಳು ಮಾಡಿದ ಜಾನಪದ ನೃತ್ಯಕ್ಕೆ ಸದಸ್ಯರೆಲ್ಲ ಚಪ್ಪಾಳೆ ತಟ್ಟಿದಿರಿ. ನಾವೂ ತಟ್ಟಿದೆವು. ಇಳಕಲ್ ಸೀರೆ, ಕೈತುಂಬ ಬಳೆ, ಸ್ಪೀಕರಿನಲ್ಲಿ ಐದು ನಿಮಿಷದ ಟ್ರ್ಯಾಕು. ಕಾರ್ಯಕ್ರಮ ಮುಗಿದು ಊಟದ ಪಾತ್ರೆಗಳನ್ನು ಕಾರಿಗೆ ತುಂಬುತ್ತಿದ್ದಾಗ, ಮಗಳ ಮನೆಗೆಂದು ಹಾವೇರಿ ಕಡೆಯಿಂದ ಬಂದಿದ್ದ ಅಜ್ಜಿಯೊಬ್ಬರು ನಮ್ಮನ್ನು ನಿಲ್ಲಿಸಿ ಕೇಳಿದರು: “ಅಲ್ರೀ, ಆ ಹಾಡು ಮಗಳನ್ನ ಗಂಡನ ಮನಿಗೆ ಕಳಿಸೋ ಮುಂದ ಹಾಡೂದು. ಹುಡುಗ್ರು ನಕ್ಕೋತ ಕುಣದ್ರಲ್ಲ?” ನಮ್ಮ ಬಳಿ ಉತ್ತರವಿರಲಿಲ್ಲ. ಹಾಡನ್ನು ಆರಿಸಿದವರು ನಾವೇ.

ಆ ವಾರದ ಕೊನೆಗೆ ಸ್ಯಾನ್ ರಮೋನಿನ ಅವರ ಮಗಳ ಮನೆಗೆ ಹೋದೆವು. ಮೆಂತ್ಯಪಲ್ಯ ಸೋಸುತ್ತ ಅಜ್ಜಿ ಒಂದು ಗಂಟೆ ಹಾಡಿದರು. ಬೀಸುವ ಪದ, ತೊಟ್ಟಿಲ ಪದ, ಸೋಬಾನೆ ಪದ. ತ್ರಿಪದಿಯೆಂದರೆ ಮೂರು ಸಾಲು ಎಂದು ಶಾಲೆಯಲ್ಲಿ ಓದಿದವರು ನಾವು. ಹಾಡುವಾಗ ಎರಡನೆಯ ಸಾಲಿನ ಭಾಗವನ್ನು ಮತ್ತೆ ಹಿಡಿದು ಅದನ್ನು ನಾಲ್ಕು ಸಾಲಿನಷ್ಟು ಮಾಡುತ್ತಾರೆಂಬುದನ್ನು ಅಂದು ಕಿವಿಯಾರೆ ಕೇಳಿದೆವು. ಒಬ್ಬಳ ಉಸಿರು ಮುಗಿಯುವಾಗ ಕಲ್ಲಿನ ಆಚೆ ಕೂತವಳು ಎತ್ತಿಕೊಳ್ಳಬೇಕು, ಕಲ್ಲು ನಿಲ್ಲಬಾರದು ಎಂದರು. ಅವರ ಮಗಳು ಒಲೆಯ ಬಳಿ ನಿಂತವರು, ಇಪ್ಪತ್ತು ವರ್ಷ ಹಾಡದವರು, ತಮಗೇ ತಿಳಿಯದಂತೆ ಎತ್ತಿಕೊಂಡರು.

ವೀಸಾದ ಆರು ತಿಂಗಳು ಮುಗಿದು ಅಜ್ಜಿ ಊರಿಗೆ ಹೊರಟರು. ನಮ್ಮ ನೆನಪಿನಲ್ಲಿ ಉಳಿದದ್ದು ಎರಡೇ ನುಡಿ. ಜೇಬಿನಲ್ಲಿದ್ದ ಫೋನಿನ ಗುಂಡಿ ಒತ್ತಬೇಕೆಂದು ಯಾರಿಗೂ ಹೊಳೆಯಲಿಲ್ಲ. ನಮ್ಮಲ್ಲಿ ಅರ್ಧದಷ್ಟು ಜನ ಸಾಫ್ಟ್‌ವೇರಿನವರು ಬೇರೆ!

ಹಲಸಂಗಿಯ ಗೆಳೆಯರ ಬಳಿ ಫೋನಿರಲಿಲ್ಲ. ಬಿಜಾಪುರ ಜಿಲ್ಲೆಯ ಆ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ ಮೊದಲಾದವರು ಹೆಂಗಸರ ಬಾಯಿಂದ ಹಾಡು ಕೇಳಿ ಬರೆದುಕೊಂಡರು. ‘ಗರತಿಯ ಹಾಡು’ 1931ರಲ್ಲಿ ಪುಸ್ತಕವಾಗಿ ಹೊರಬಂತು. ಅಂಕೋಲಾದ ಸುಕ್ರಿ ಬೊಮ್ಮಗೌಡರು ಹಾಲಕ್ಕಿಗಳ ಹಾಡನ್ನು ತಲೆಯಲ್ಲೇ ಹೊತ್ತಿದ್ದವರು. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅಂಥವರನ್ನು ಸ್ಮರಿಸಿ ನಾವು ಒಂದು ನಿಮಿಷ ಮೌನ ಆಚರಿಸುತ್ತೇವೆ. ಹಾಡಿದವರಿಗೆ ಮೌನ!

ಈ ಬಗ್ಗೆ ಪಾಠ ಕಲಿಯಲು ಹಲಸಂಗಿಯವರೆಗೂ ಹೋಗಬೇಕಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1948ರಲ್ಲಿ ಶುರುವಾದ ಒಂದು ಜಾನಪದ ಸಂಗೀತ ಕ್ಲಬ್ಬು ಇದೆ. ಫೇತ್ ಪೆಟ್ರಿಕ್ ಎಂಬ ಮಹಿಳೆ 1962ರಿಂದ ದಶಕಗಳ ಕಾಲ ಅದನ್ನು ಕ್ಲೇಟನ್ ಸ್ಟ್ರೀಟಿನ ತಮ್ಮ ಮನೆಯಲ್ಲೇ ನಡೆಸಿದರು. 2013ರಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹಾಡಲು ಬರುವವರು ಸದಸ್ಯರೇ ಆಗಿರಬೇಕೆಂಬ ನಿಯಮವಿರಲಿಲ್ಲ. ಗಿಟಾರು ಹಿಡಿದು ಬಂದವರು, ಬರಿಗೈಲಿ ಬಂದವರು, ಎಲ್ಲರೂ ಸೇರಿ ಹಾಡುತ್ತಿದ್ದರು. ನಮಗೆ ಬಹಳ ಹಿಡಿಸಿದ್ದು ಇನ್ನೊಂದು ಸಂಗತಿ: ಅವರ ಪತ್ರಿಕೆ ‘ಫೋಕ್‌ನಿಕ್’ನ ಪುಟಗಳನ್ನು ಮಡಚುವುದಕ್ಕೇ ಒಂದು ದಿನ ಗೊತ್ತುಮಾಡಿ, ಎಲ್ಲರೂ ತಿಂಡಿ ತಂದು, ಮಡಚಿ, ಹಾಡಿ ಹೋಗುತ್ತಿದ್ದರು. ನಾವೋ, ಈ ತ್ರೈಮಾಸಿಕದ ಪುಟಗಳನ್ನು ರಾತ್ರಿ ಹನ್ನೊಂದಕ್ಕೆ ಊಟದ ಮೇಜಿನ ಮೇಲೆ ಗೊಣಗುತ್ತ ಪಿನ್ ಹೊಡೆಯುತ್ತೇವೆ.

ವೇದಿಕೆಯೇ ಬೇಡವೆಂದು ನಾವು ಹೇಳುತ್ತಿಲ್ಲ. ಆ ಐದು ನಿಮಿಷಕ್ಕಾಗಿ ತಾಯಂದಿರು ಎಂಟು ಶನಿವಾರ ಮಕ್ಕಳನ್ನು 680ರ ಟ್ರಾಫಿಕ್ಕಿನಲ್ಲಿ ಕರೆತಂದದ್ದನ್ನು ಬಲ್ಲೆವು. ಬಳೆ ಸೀರೆಯ ಆಸೆ ಇರದಿದ್ದರೆ ಅರ್ಧ ಮಕ್ಕಳು ಬರುತ್ತಲೇ ಇರಲಿಲ್ಲ. “ಶ್ರುತಿ ಸೇರದ ಹಾಡನ್ನು ಯಾರು ಕೇಳಬೇಕು?” ಎಂದು ಸಮಿತಿಯಲ್ಲೊಬ್ಬರು ಕೇಳಿದ್ದೂ ನ್ಯಾಯವೇ. ಆದರೆ ಬೀಸುವ ಪದವನ್ನು ಕೇಳಲೆಂದು ಯಾರೂ ಟಿಕೆಟು ಕೊಂಡವರಲ್ಲ. ಅಲ್ಲಿದ್ದವರೆಲ್ಲ ಹಾಡುವವರೇ. ಟ್ರ್ಯಾಕಿಗೆ ಕುಣಿದ ಮಗುವಿಗೆ ಹೆಜ್ಜೆ ಬರುತ್ತದೆ, ನುಡಿ ಬರುವುದಿಲ್ಲ. ಹಿನ್ನೆಲೆಗೆ ಆ ಅಜ್ಜಿಯನ್ನೇ ಕೂರಿಸಿ, ಸೊಲ್ಲು ಎತ್ತಿಕೊಳ್ಳುವುದನ್ನು ಮಕ್ಕಳಿಗೆ ಬಿಟ್ಟಿದ್ದರೆ, ಹೆಜ್ಜೆ ನಾಲ್ಕು ತಪ್ಪಿದರೂ ನಾವು ಸಹಿಸುತ್ತಿದ್ದೆವು.

ಆದ್ದರಿಂದ ನಮ್ಮ ಸೂಚನೆ ಇದು. ತಿಂಗಳಿಗೊಂದು ಸಂಜೆ, ಒಂದೊಂದು ಸಲ ಒಂದೊಂದು ಮನೆಯಲ್ಲಿ, ಹಾಡಿಗಾಗಿ ಸೇರೋಣ. ಮೈಕು ಬೇಡ, ನಿರೂಪಕರು ಬೇಡ, ಸ್ಮರಣಿಕೆಯಂತೂ ಬೇಡವೇ ಬೇಡ. ಹಾಡಿದವರ ಒಪ್ಪಿಗೆ ಪಡೆದು ರೆಕಾರ್ಡು ಮಾಡೋಣ. ಯಾವ ಊರಿನ ಹಾಡು, ಯಾವ ಸಂದರ್ಭದ್ದು ಎಂದು ಬರೆದಿಡೋಣ. ಮಂಡ್ಯದ ಅತ್ತೆಯಾಗಲಿ, ಕುಂದಾಪುರದ ಅಮ್ಮಮ್ಮನಾಗಲಿ, ಬೀದರಿನ ತಾತನಾಗಲಿ, ಯಾರ ಮನೆಗೆ ಹಿರಿಯರು ಬಂದಿದ್ದಾರೋ ಅವರು ದಯಮಾಡಿ ಸಮಿತಿಗೆ ತಿಳಿಸಿ, ವಾಪಸು ಹೋಗುವ ತಾರೀಖನ್ನೂ ತಿಳಿಸಿ. ಬೇಗ ಹೊರಡುವವರ ಮನೆಗೆ ಮೊದಲು ಬರುತ್ತೇವೆ. ಮೊದಲನೆಯ ಸಂಜೆ, ಮುಂದಿನ ಸಂಚಿಕೆಯ ಪುಟ ಮಡಚುವ ದಿನವೇ ಆಗಲಿ. ಮೊಸರನ್ನ ನಮ್ಮದು, ಸ್ಟೇಪ್ಲರ್ ಇದ್ದವರು ತನ್ನಿ.